ಇಟ್ಟಿಗೆಯ ಹಿಂದೆ ಒಂದು ಅಂಗುಲ

ಸೌದೆ ಒಲೆಯ ಹಿಂದೆ ರಕ್ಷಣೆಗೆಂದು ಇಟ್ಟಿಗೆ ಕಟ್ಟಿಸುವವರು ಇಟ್ಟಿಗೆಯ ಬಣ್ಣ, ಗೋಡೆಯ ಎತ್ತರ, ಸಂದುಗಳ ಅಂದ ಎಲ್ಲವನ್ನೂ ಯೋಚಿಸುತ್ತಾರೆ. ಇಟ್ಟಿಗೆಗೂ ಮನೆಯ ಗೋಡೆಗೂ ನಡುವೆ ಎಷ್ಟು ಜಾಗ ಬಿಡಬೇಕು ಎಂದು ಕೇಳುವವರು ಕಡಿಮೆ. ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮೂರಿನ ಕಲ್ಲು, ಮಣ್ಣಿನ ಗೋಡೆಗಳಿಗೆ ಈ ಚಿಂತೆ ಅಷ್ಟಾಗಿ ಇಲ್ಲ. ಆದರೆ ಅಮೆರಿಕ, ಕೆನಡಾಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳು ಬಹುಮಟ್ಟಿಗೆ ಮರದ ಚೌಕಟ್ಟಿನವು. ಬಣ್ಣ ಹೊಡೆದ ಜಿಪ್ಸಮ್ ಹಲಗೆ ನೋಡಲು ಗಟ್ಟಿ ಗೋಡೆಯಂತಿದ್ದರೂ ಅದರ ಹಿಂದೆ ನಿಂತಿರುವುದು ಮರದ ಕಂಬಗಳು. ಅಲ್ಲಿ ಚಳಿಗಾಲಕ್ಕೆ ಬೀಡುಕಬ್ಬಿಣದ ಒಲೆ ಕೂರಿಸುವಾಗ ಕಾಪಾಡಬೇಕಾದದ್ದು ಆ ಕಂಬಗಳನ್ನು.

ಇಟ್ಟಿಗೆ ಸುಡುವುದಿಲ್ಲವಲ್ಲ, ಗೋಡೆಗೇ ಅಂಟಿಸಿ ಕಟ್ಟಿದರೆ ಏನಾಯಿತು ಎಂಬುದು ಸಹಜವಾದ ಆಕ್ಷೇಪ. ಇಟ್ಟಿಗೆ ಸುಡುವುದಿಲ್ಲ, ನಿಜ. ಆದರೆ ಶಾಖವನ್ನು ಹೀರಿಕೊಂಡು ನಿಧಾನವಾಗಿ ಹಿಂದಕ್ಕೆ ದಾಟಿಸುತ್ತದೆ. ದಿನವಿಡೀ ಒಲೆ ಉರಿಯುವ ಮನೆಯಲ್ಲಿ ಆ ಶಾಖ ಮರವನ್ನು ಮುಟ್ಟಿಯೇ ಮುಟ್ಟುತ್ತದೆ. ವರ್ಷಗಟ್ಟಲೆ ಬಿಸಿ ತಿಂದ ಮರ ಒಳಗೊಳಗೇ ಕರಿಕಾಗಿ, ಹೊಸ ಮರಕ್ಕಿಂತ ಕಡಿಮೆ ಉಷ್ಣಾಂಶದಲ್ಲೇ ಹೊತ್ತಿಕೊಳ್ಳಬಲ್ಲದು. ಅಮೆರಿಕದಲ್ಲಿ ಬಳಕೆಯಲ್ಲಿರುವ ಎನ್‌ಎಫ್‌ಪಿಎ 211 ಎಂಬ ಮಾನದಂಡದ ಅಂಕಿಗಳೂ ಇದನ್ನೇ ಹೇಳುತ್ತವೆ. ಪರೀಕ್ಷೆಗೆ ಒಳಪಡದ ಒಲೆಗೂ ಹೊತ್ತಿಕೊಳ್ಳಬಲ್ಲ ಗೋಡೆಗೂ ನಡುವೆ 36 ಅಂಗುಲ ಇರಬೇಕು. ಗಾಳಿಯ ಜಾಗವಿಲ್ಲದೆ ಮೂರೂವರೆ ಅಂಗುಲ ದಪ್ಪದ ಇಟ್ಟಿಗೆ ಕಟ್ಟಿದರೆ ಅದು 24 ಅಂಗುಲಕ್ಕೆ ಇಳಿಯುತ್ತದೆ. ಅದೇ ಇಟ್ಟಿಗೆಯ ಹಿಂದೆ ಗಾಳಿಯಾಡುವ ಒಂದು ಅಂಗುಲ ಬಿಟ್ಟರೆ 12 ಅಂಗುಲ ಸಾಕು. ಇಟ್ಟಿಗೆಯಷ್ಟೇ ಕೆಲಸವನ್ನು ಖಾಲಿ ಜಾಗವೂ ಮಾಡುತ್ತಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಪರೀಕ್ಷಿಸಿ ಪ್ರಮಾಣಪತ್ರ ಪಡೆದ ಒಲೆಯಾದರೆ ಅದರ ಫಲಕದಲ್ಲಿ ಬರೆದಿರುವ ಅಂತರವೇ ಅಂತಿಮ.

ಆ ಒಂದು ಅಂಗುಲ ಕೆಲಸ ಮಾಡಬೇಕಾದರೆ ಅಲ್ಲಿ ಗಾಳಿ ಓಡಾಡಬೇಕು. ಕೆಳಗಿನ ವರಸೆಯಲ್ಲಿ ಅಲ್ಲಲ್ಲಿ ಅರ್ಧ ಇಟ್ಟಿಗೆಯಷ್ಟು ಕಿಂಡಿ ಬಿಟ್ಟು, ಮೇಲ್ತುದಿಯನ್ನು ತೆರೆದಿಡಬೇಕು. ಆಗ ತಣ್ಣನೆ ಗಾಳಿ ಕೆಳಗೆ ಹೊಕ್ಕು, ಕಾದು, ಮೇಲಿಂದ ಹೊರಬೀಳುತ್ತದೆ. ಇದರಿಂದ ಬಿಸಿ ವ್ಯರ್ಥವಾಗುತ್ತದೆ ಎನ್ನುವವರಿಗೆ ಉತ್ತರ ಸರಳ: ಹಾಗೆ ಹೊರಬೀಳುವ ಗಾಳಿ ಬರುವುದು ಅದೇ ಕೋಣೆಗೆ. ಕೆಲಸ ಕೆಡುವುದು ಬೇರೆ ಕಡೆ. ಕರಣೆಯಿಂದ ಹಿಂದಕ್ಕೆ ಜಾರಿದ ಗಾರೆ ಸಂದಿನಲ್ಲಿ ಸಿಕ್ಕಿಕೊಂಡು ಒಣಗಿದರೆ, ಶಾಖ ದಾಟಲು ಅಲ್ಲೇ ಒಂದು ಸೇತುವೆಯಾಯಿತು. ಬಲ್ಲ ಮೇಸ್ತ್ರಿ ಸಂದಿನೊಳಗೆ ತೆಳು ಪಟ್ಟಿಯೊಂದನ್ನು ಇಳಿಬಿಟ್ಟು, ಪ್ರತಿ ವರಸೆ ಮುಗಿದಾಗಲೂ ಮೇಲೆಳೆದು, ಬಿದ್ದ ಗಾರೆಯನ್ನು ತೆಗೆಯುತ್ತಾನೆ. ಇಟ್ಟಿಗೆಯನ್ನು ಗೋಡೆಗೆ ಹಿಡಿಸುವ ಲೋಹದ ಪಟ್ಟಿಗಳನ್ನು ಒಲೆಯ ನೇರ ಹಿಂದೆ ಹಾಕುವುದಿಲ್ಲ.

ತಗಡಿನ ಹಾಳೆಯನ್ನೇ ಒಂದು ಅಂಗುಲ ಮುಂದಕ್ಕೆ ನಿಲ್ಲಿಸಿದರೂ 12 ಅಂಗುಲಕ್ಕೆ ಇಳಿಸಬಹುದಲ್ಲ, ಇಷ್ಟು ಖರ್ಚೇಕೆ ಎಂದು ಕೇಳಬಹುದು. ಬರೀ ರಕ್ಷಣೆ ಸಾಕೆನ್ನುವವರಿಗೆ ತಗಡು ಸಾಕು. ಇಟ್ಟಿಗೆ ಹೆಚ್ಚಿಗೆ ಕೊಡುವುದು ಹಿಡಿದಿಟ್ಟ ಬಿಸಿಯನ್ನು: ಸಂಜೆಯೆಲ್ಲ ಕಾದದ್ದು ಕೆಂಡ ಆರಿದ ಮೇಲೂ ಗಂಟೆಗಟ್ಟಲೆ ಕೋಣೆಗೆ ಬಿಸಿ ಬಿಡುತ್ತದೆ. ಇದಕ್ಕೆ ಸಾಮಾನ್ಯ ಸುಟ್ಟ ಇಟ್ಟಿಗೆಯೇ ಸಾಕು; ಅಗ್ನಿನಿರೋಧಕ ಇಟ್ಟಿಗೆ ಬೇಕಾಗುವುದು ಬೆಂಕಿ ಉರಿಯುವ ಒಲೆಯೊಳಗೆ. ಆದರೆ ಭಾರದ ಲೆಕ್ಕ ಮರೆಯಬಾರದು. ನಾಲ್ಕಡಿ ಅಗಲ, ಐದಡಿ ಎತ್ತರದ ಒಂಟಿ ಸಾಲಿನ ಗೋಡೆ ಸುಮಾರು 350 ಕಿಲೋ ತೂಗುತ್ತದೆ. ಮರದ ನೆಲಕ್ಕೆ ಅಷ್ಟನ್ನು ಹೊರುವ ಶಕ್ತಿಯಿದೆಯೇ ಎಂದು ಮೊದಲೇ ತಿಳಿದವರಿಂದ ನೋಡಿಸಬೇಕು. ನೆಲ ಹೊರದಿದ್ದರೆ ತಗಡೇ ಸರಿ. ಹೊರುವುದಾದರೆ ಇಟ್ಟಿಗೆಯನ್ನೇ ಕಟ್ಟಿಸಿ, ಹಿಂದಿನ ಜಾಗವನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.