ನಡಿಗೆಯ ಕಲೆ: ಇಂಗ್ಲಿಷ್ ಉದ್ಯಾನ ಪರಂಪರೆಯ ಸಾಧನೆ ಮತ್ತು ಮರೆವು

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಗ್ರಾಮಾಂತರದಲ್ಲಿ ರೂಪುಗೊಂಡ ಉದ್ಯಾನ ಪರಂಪರೆಯನ್ನು ಕುರಿತ ಬರಹಗಳು ಅದನ್ನು ಹೆಚ್ಚಾಗಿ ಚಿತ್ರಕಲೆಯ ಮಾತುಗಳಲ್ಲೇ ವಿವರಿಸುತ್ತ ಬಂದಿವೆ. ರೋಮಿನ ಸುತ್ತಲ ಬಯಲನ್ನು ಚಿತ್ರಿಸಿದ ಕ್ಲಾಡ್ ಲೊರೇನ್ ಮತ್ತು ನಿಕೊಲಾ ಪೂಸಾನ್ ಅವರ ಕ್ಯಾನ್ವಾಸುಗಳು ನೆಲದ ಮೇಲೆ ನೀರು, ಮರ, ಮಂಟಪಗಳಾಗಿ ಮೂಡಿದವೆಂಬುದು ಈ ವಿವರಣೆಯ ಸಾರ. ಇದು ಸುಳ್ಳಲ್ಲವಾದರೂ ಅಪೂರ್ಣ. ಚಿತ್ರದ ಮುಂದೆ ನೋಡುಗ ನಿಂತಿರುತ್ತಾನೆ, ಉದ್ಯಾನದೊಳಗೆ ನಡೆಯುತ್ತಾನೆ. ಯಾವುದು ಮೊದಲು ಕಾಣಬೇಕು, ಯಾವುದು ಮರೆಯಾಗಿ ಮತ್ತೆ ಎದುರಾಗಬೇಕು, ಎಲ್ಲಿ ದಣಿದು ಕೂರಬೇಕು ಎಂಬುದನ್ನೆಲ್ಲ ನಿರ್ಧರಿಸಿದ ಈ ಪರಂಪರೆಯ ನಿಜವಾದ ಮಾಧ್ಯಮ ನಡಿಗೆಯೇ ಆಗಿತ್ತು. ಹೀಗಾಗಿ ಇಂದು ಸಣ್ಣ ಗುಂಪುಗಳು ಒಂದು ವಾರದ ಅವಧಿಯಲ್ಲಿ ಸ್ಟೋ, ರೌಶಮ್, ಸ್ಟೌರ್‌ಹೆಡ್, ಹಿಡ್‌ಕೋಟ್, ಸಿಸಿಂಗ್‌ಹರ್ಸ್ಟ್‌ಗಳನ್ನು ಮಾರ್ಗದರ್ಶಕರೊಂದಿಗೆ ಸುತ್ತಿಬರುವ ಪ್ರವಾಸವು ಆ ಕಲೆಗೆ ಹೊರಗಿನ ಸಂಗತಿಯಲ್ಲ, ಅದರ ಓದಿನ ಸಹಜ ಕ್ರಮ. ಈ ಪರಂಪರೆ ನಡೆಯುವವನಿಗೆ ಏನನ್ನು ತೋರಿಸಿತು, ಅವನ ದಾರಿಯಿಂದ ಏನನ್ನು ತೆಗೆದುಹಾಕಿತು ಎಂಬ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿದಾಗ ಮಾತ್ರ ಅದರ ಮೌಲ್ಯಮಾಪನ ಸಾಧ್ಯ.

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಯುರೋಪಿನ ಅರಮನೆಗಳಿಗೆ ಮಾದರಿಯಾಗಿದ್ದುದು ವರ್ಸೈನಲ್ಲಿ ಆಂದ್ರೆ ಲ ನೋತ್ರ್ ರೂಪಿಸಿದ ಜ್ಯಾಮಿತೀಯ ಉದ್ಯಾನ. ಅರಮನೆಯ ಕಿಟಕಿಯಿಂದ ಹೊರಟ ನೇರ ರೇಖೆ ದಿಗಂತದವರೆಗೆ ಸಾಗುವ ಆ ಮಾದರಿಯಲ್ಲಿ ಅತ್ಯುತ್ತಮ ನೋಟ ದೊರೆಗೆ ಮೀಸಲು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಿಜ್‌ಮನ್ ಮತ್ತು ಅವರ ನಂತರ ವಿಲಿಯಂ ಕೆಂಟ್ ಈ ರೇಖೆಯನ್ನು ಹಂತಹಂತವಾಗಿ ಸಡಿಲಿಸಿದರು. ಆ ಸಡಿಲಿಕೆಗೆ ನೆರವಾದ ಮುಖ್ಯ ಉಪಾಯವೆಂದರೆ 'ಹಾ-ಹಾ' ಎಂಬ ಗುಪ್ತ ಕಂದಕ: ಉದ್ಯಾನದ ಕಡೆಗೆ ನೆಟ್ಟಗೆ ಇಳಿಯುವ ಕಲ್ಲು ಅಥವಾ ಇಟ್ಟಿಗೆಯ ಗೋಡೆ, ಹೊರಗಿನ ಹುಲ್ಲುಗಾವಲಿನ ಕಡೆಗೆ ನಿಧಾನವಾಗಿ ಮೇಲೇರುವ ಇಳಿಜಾರು. ಮನೆಯ ಮೆಟ್ಟಿಲ ಮೇಲೆ ನಿಂತವರಿಗೆ ಹುಲ್ಲುಹಾಸು ಎಲ್ಲೂ ತುಂಡಾಗದೆ ದೂರದ ಕುರಿಮಂದೆಯವರೆಗೆ ಹರಡಿದಂತೆ ಕಾಣುತ್ತದೆ. ಕುರಿಗಳು ಮಾತ್ರ ಗೋಡೆಯ ಬುಡದವರೆಗೆ ಬಂದು ನಿಲ್ಲಬೇಕಾಗುತ್ತದೆ. ಗಡಿಯನ್ನು ಅಳಿಸದೆ ಕಣ್ಣಿಗೆ ಮರೆಮಾಡುವ ಈ ಕಂದಕದಲ್ಲಿ ಪರಂಪರೆಯ ಜಾಣ್ಮೆ ಮತ್ತು ವಂಚನೆ ಎರಡೂ ಒಂದೇ ಕಡೆ ಕೂಡಿವೆ.

ನಡಿಗೆಯನ್ನೇ ಕೃತಿಯಾಗಿಸಿದ ಉದ್ಯಾನಗಳಲ್ಲಿ ಆಕ್ಸ್‌ಫರ್ಡ್‌ಶೈರಿನ ರೌಶಮ್‌ಗೆ ಅಗ್ರಸ್ಥಾನ ಸಲ್ಲಬೇಕು. ಜನರಲ್ ಜೇಮ್ಸ್ ಡಾರ್ಮರ್ ಅವರಿಗಾಗಿ ಕೆಂಟ್ 1738ರಿಂದ 1741ರವರೆಗೆ ರೂಪಿಸಿದ ಈ ತಾಣ ವಿಸ್ತಾರದಲ್ಲಿ ಚಿಕ್ಕದು. ಚೆರ್‌ವೆಲ್ ನದಿ ಮತ್ತು ಮನೆಯ ನಡುವಿನ ಕಿರಿದಾದ ಇಳಿಜಾರಿನಲ್ಲೇ ಎಲ್ಲವೂ ಅಡಗಿದೆ. ಸಿಂಹವೊಂದು ಕುದುರೆಯ ಮೇಲೆರಗಿರುವ ಶಿಲ್ಪದಿಂದ ದೃಷ್ಟಿ ನದಿಯಾಚೆಗಿನ ಬೆಟ್ಟದತ್ತ ಹರಿಯುತ್ತದೆ. ಅಲ್ಲಿ ಪಾಳುಬಿದ್ದ ಕಟ್ಟಡದಂತೆ ತೋರುವುದು ಕಣ್ಣನ್ನು ದೂರಕ್ಕೆ ಸೆಳೆಯಲೆಂದೇ ಕಟ್ಟಿದ ಒಂಟಿ ಗೋಡೆ. ಮರಗಳ ನೆರಳಿನಲ್ಲಿ ಅಂಕುಡೊಂಕಾಗಿ ಸಾಗುವ ಕಿರುಗಾಲುವೆಯೊಂದು ನಡೆಯುವವರನ್ನು ಎಂಟು ಮೂಲೆಯ ಕೊಳದ ಬಳಿಗೂ, ಅಲ್ಲಿಂದ ವೀನಸ್ ದೇವತೆಯ ಕಣಿವೆಗೂ ಒಯ್ಯುತ್ತದೆ. ಮೇಲಿನ ಜಗಲಿಯ ಮೇಲೆ ನಡೆಯುವಾಗ ಕಾಲಡಿಯಲ್ಲಿ ಏಳು ಕಮಾನುಗಳ ಪಡಸಾಲೆಯಿದೆಯೆಂಬ ಸುಳಿವೇ ಸಿಗದು. ಕೆಳಗಿಳಿದು ತಿರುಗಿ ನೋಡಿದಾಗ ಮಾತ್ರ ಅದು ಪ್ರಕಟವಾಗುತ್ತದೆ. ಅಲ್ಲಿನ ತೋಟಗಾರ ಜಾನ್ ಮೆಕ್‌ಕ್ಲೇರಿ 1750ರಲ್ಲಿ ಬರೆದ ಪತ್ರವೊಂದು ಉಳಿದುಬಂದಿದೆ. ಯಾವ ಬಾಗಿಲಿನಿಂದ ಹೊರಟು, ಎಲ್ಲಿ ತಿರುಗಿ, ಎಲ್ಲಿ ಕುಳಿತು ಏನನ್ನು ನೋಡಬೇಕೆಂದು ಹೆಜ್ಜೆಹೆಜ್ಜೆಯಾಗಿ ವಿವರಿಸುವ ಆ ಪತ್ರದಿಂದ ರೌಶಮ್‌ಗೆ ಒಂದು ನಿಶ್ಚಿತ ಕ್ರಮವಿತ್ತೆಂಬುದು ಸ್ಪಷ್ಟವಾಗುತ್ತದೆ. ಹಿಮ್ಮುಖವಾಗಿ ನಡೆದರೆ ಅನಿರೀಕ್ಷಿತವಾಗಬೇಕಾದ ನೋಟಗಳು ಮೊದಲೇ ಬಯಲಾಗಿ ಕೃತಿ ಅರ್ಥ ಕಳೆದುಕೊಳ್ಳುತ್ತದೆ.

ವಿಲ್ಟ್‌ಶೈರಿನ ಸ್ಟೌರ್‌ಹೆಡ್ ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ಸಾಧಿಸಿತು. ಬ್ಯಾಂಕರ್ ಹೆನ್ರಿ ಹೋರ್, ವಾಸ್ತುಶಿಲ್ಪಿ ಹೆನ್ರಿ ಫ್ಲಿಟ್‌ಕ್ರಾಫ್ಟ್ ಅವರ ನೆರವಿನಿಂದ ಕಣಿವೆಯ ನೀರಿಗೆ ಏರಿ ಕಟ್ಟಿಸಿ ಸರೋವರ ನಿರ್ಮಿಸಿದರು. ಅದರ ದಂಡೆಯ ಸುತ್ತ ಫ್ಲೋರಾ ದೇವತೆಯ ಗುಡಿ, ಗುಹೆ, ರೋಮಿನ ಪ್ಯಾಂಥಿಯನ್ನಿನ ಕಿರುರೂಪ, 1762ರ ಕಲ್ಲುಸೇತುವೆ, ಅಪೊಲೊ ಗುಡಿಗಳನ್ನು ಒಂದೊಂದಾಗಿ ಸೇರಿಸಿದರು. ಸರೋವರದ ಪ್ರದಕ್ಷಿಣೆ ಆರಂಭಿಸಿದವರಿಗೆ ಪ್ಯಾಂಥಿಯನ್ ನೀರಿನಾಚೆ ಮೊದಲು ಎದುರಾಗಿ ಕಾಣುತ್ತದೆ, ದಾರಿ ಮರಗಳ ನಡುವೆ ಹೊಕ್ಕಾಗ ಮರೆಯಾಗುತ್ತದೆ. ಆಮೇಲೆ ಗುಹೆಯ ಕತ್ತಲೆಗಿಳಿದು, ನೀರು ಜಿನುಗುವ ಕಲ್ಲುಗಳ ನಡುವೆ ಮಲಗಿದ ಅಪ್ಸರೆಯನ್ನೂ ಅದರಾಚೆಯ ನದೀದೇವತೆಯನ್ನೂ ದಾಟಿ, ಗುಹೆಯ ಗೋಡೆಯ ಕಿಂಡಿಯಿಂದ ಒಮ್ಮೆ ಸರೋವರವನ್ನು ನೋಡಿ ಮೇಲೆ ಬಂದ ನಂತರವೇ ಆ ಗುಡಿಯ ಮೆಟ್ಟಿಲು ಕಾಲಿಗೆ ಸಿಗುತ್ತದೆ. ಕಂಡದ್ದನ್ನು ಮರೆಮಾಡಿ, ಕಾಯಿಸಿ, ಮತ್ತೆ ಕೊಡುವ ಈ ಕ್ರಮ ಕಾಲದಲ್ಲಿ ಬಿಚ್ಚಿಕೊಳ್ಳುವಂಥದು, ಈ ಅಂಶದಲ್ಲಿ ಚಿತ್ರಕ್ಕಿಂತ ಸಂಗೀತಕ್ಕೆ ಹತ್ತಿರವಾದುದು.

ಇಂಥ ಕೃತಿಗಳಿಗೆ ಸಂದರ್ಶಕರು ಮೊದಲಿನಿಂದಲೂ ಅನಿವಾರ್ಯವಾಗಿದ್ದರು. ಬಕಿಂಗ್‌ಹ್ಯಾಮ್‌ಶೈರಿನ ಸ್ಟೋ ಎಸ್ಟೇಟಿನ ಒಡೆಯ ಲಾರ್ಡ್ ಕೊಬಮ್ ನೋಡಲು ಬರುವವರಿಗಾಗಿಯೇ 1717ರಲ್ಲಿ ತಂಗುಮನೆ ಕಟ್ಟಿಸಿದರು; 1744ರಲ್ಲಿ ಬೆಂಟನ್ ಸೀಲಿ ಆ ಉದ್ಯಾನದ ಕೈಪಿಡಿಯನ್ನು ಪ್ರಕಟಿಸಿದರು. ಮುಂದೆ ಅಮೆರಿಕದ ಅಧ್ಯಕ್ಷರಾಗಲಿದ್ದ ಥಾಮಸ್ ಜೆಫರ್ಸನ್ ಮತ್ತು ಜಾನ್ ಆಡಮ್ಸ್ 1786ರ ವಸಂತದಲ್ಲಿ ಒಟ್ಟಿಗೆ ಉದ್ಯಾನ ಪ್ರವಾಸ ಕೈಗೊಂಡಾಗ ಜೆಫರ್ಸನ್ ಕೈಯಲ್ಲಿ ಥಾಮಸ್ ವೇಟ್ಲಿಯವರ 1770ರ ಉದ್ಯಾನ ಮೀಮಾಂಸೆಯ ಗ್ರಂಥವಿತ್ತು. ನೋಡುವ ಕ್ರಮಕ್ಕಿದ್ದ ಬೆಲೆ ಎಷ್ಟೆಂಬುದನ್ನು ಕವಿ ವಿಲಿಯಂ ಶೆನ್‌ಸ್ಟನ್ ಅವರ ಪ್ರಸಂಗ ತೋರಿಸುತ್ತದೆ: ಅವರ ಲೆಸೋಸ್ ಉದ್ಯಾನದ ಕೀರ್ತಿಯನ್ನು ಸಹಿಸದ ನೆರೆಯ ಸಿರಿವಂತ ಮನೆತನದವರು ತಮ್ಮ ಅತಿಥಿಗಳನ್ನು ಬೇಕೆಂದೇ ದಾರಿಯ ತಪ್ಪು ತುದಿಯಿಂದ ಕರೆತಂದು ನೋಟಗಳನ್ನು ಕೆಡಿಸುತ್ತಿದ್ದರೆಂದು ಸ್ಯಾಮ್ಯುಯೆಲ್ ಜಾನ್ಸನ್ ದಾಖಲಿಸಿದ್ದಾರೆ.

ಸ್ಟೋದಲ್ಲಿ ಮುಖ್ಯ ತೋಟಗಾರನಾಗಿ ಹತ್ತು ವರ್ಷ ದುಡಿದು 1751ರ ಹೊತ್ತಿಗೆ ಸ್ವತಂತ್ರ ವೃತ್ತಿಗಿಳಿದ ಲ್ಯಾನ್ಸ್‌ಲಾಟ್ ಬ್ರೌನ್ ಅವರಲ್ಲಿ ಈ ಪರಂಪರೆ ಬೇರೆಯದೇ ತಿರುವು ಪಡೆಯಿತು. ಪ್ರತಿ ಎಸ್ಟೇಟಿನಲ್ಲೂ ಸುಧಾರಣೆಯ ಸಾಧ್ಯತೆಯನ್ನು ಗುರುತಿಸುತ್ತಿದ್ದುದರಿಂದ 'ಕೇಪಬಿಲಿಟಿ' ಎಂಬ ಅಡ್ಡಹೆಸರು ಪಡೆದ ಬ್ರೌನ್, ಗುಡಿಗಳನ್ನೂ ಶಾಸನಗಳನ್ನೂ ಬಹುಮಟ್ಟಿಗೆ ಬಿಟ್ಟುಕೊಟ್ಟು ಮೂರೇ ಸಾಮಗ್ರಿಗಳಿಗೆ ತಮ್ಮನ್ನು ಮಿತಿಗೊಳಿಸಿಕೊಂಡರು: ಮನೆಯ ಗೋಡೆಯವರೆಗೂ ಬರುವ ಹುಲ್ಲು, ಅಲ್ಲಲ್ಲಿ ಗುಂಪಾಗಿ ನೆಟ್ಟ ಮರಗಳು, ನದಿಯಂತೆ ಬಾಗುವ ಸರೋವರ. ಬ್ಲೆನಿಮ್ ಅರಮನೆಯ ಬಳಿ ಗ್ಲೈಮ್ ಎಂಬ ಸಣ್ಣ ಹೊಳೆಗೆ ಅಣೆ ಕಟ್ಟಿ, ಅದುವರೆಗೆ ಹೊಳೆಗೆ ಹೊಂದದಷ್ಟು ಬೃಹತ್ತಾಗಿದ್ದ, ವಾಸ್ತುಶಿಲ್ಪಿ ವ್ಯಾನ್‌ಬ್ರೂ ಅವರ ಸೇತುವೆಯ ಕೆಳಭಾಗವನ್ನು ನೀರಿನಲ್ಲಿ ಮುಳುಗಿಸಿ, ಅದಕ್ಕೆ ತಕ್ಕ ಜಲರಾಶಿಯನ್ನು ಒದಗಿಸಿದ್ದು ಅವರ ಪ್ರತಿಭೆಯ ಶಿಖರ. ಆದರೂ ಇಲ್ಲಿ ನಡಿಗೆಯ ಸೂಕ್ಷ್ಮ ಕ್ರಮ ಕಳೆದುಹೋಯಿತು. ಕಥೆಯಂತೆ ಬೆಳೆಯುತ್ತಿದ್ದ ಉದ್ಯಾನ ಸಾರೋಟಿನಿಂದ ನೋಡಿ ಮೆಚ್ಚುವ ವಿಸ್ತಾರವಾಯಿತು. 1772ರಲ್ಲಿ ವಿಲಿಯಂ ಚೇಂಬರ್ಸ್ ಇಂಥ ಉದ್ಯಾನಗಳಿಗೂ ಸಾಮಾನ್ಯ ಹೊಲಗಳಿಗೂ ವ್ಯತ್ಯಾಸವಿಲ್ಲವೆಂದು ಟೀಕಿಸಿದರು. 1794ರಲ್ಲಿ ಯೂವ್‌ಡೇಲ್ ಪ್ರೈಸ್ ಮತ್ತು ರಿಚರ್ಡ್ ಪೇಯ್ನ್ ನೈಟ್, ಒರಟುತನ, ವೈವಿಧ್ಯ, ಅನಿರೀಕ್ಷಿತತೆಗಳನ್ನು ಸೌಂದರ್ಯದ ಗುಣಗಳೆಂದು ಎತ್ತಿಹಿಡಿಯುವ 'ಪಿಕ್ಚರೆಸ್ಕ್' ತತ್ತ್ವದ ಆಧಾರದಲ್ಲಿ ಬ್ರೌನ್ ಶೈಲಿಯ ನುಣುಪನ್ನು ಖಂಡಿಸಿದರು. ಈ ಟೀಕೆಗಳಲ್ಲಿ ಪಕ್ಷಪಾತವಿದ್ದರೂ ಬ್ರೌನ್ ಮಾದರಿ ಸುಲಭವಾಗಿ ಪುನರಾವರ್ತನೆಗೊಳ್ಳುವ ಸೂತ್ರವಾಯಿತೆಂಬ ಮುಖ್ಯ ಆಕ್ಷೇಪ ಒಪ್ಪತಕ್ಕದ್ದೇ.

ಆ ವಿಮರ್ಶಕರ ಗಮನ ಹೆಚ್ಚಾಗಿ ಹರಿಯದೆ ಉಳಿದ ಪ್ರಶ್ನೆ ಇನ್ನೂ ಗಂಭೀರವಾದುದು. ನಿಸರ್ಗಸಹಜವೆಂದು ಹೇಳಿಕೊಂಡ ಈ ಭೂದೃಶ್ಯಗಳು ಖಾಲಿ ನೆಲದಲ್ಲಿ ಹುಟ್ಟಿದವಲ್ಲ. ಸ್ಟೋದ ಉದ್ಯಾನದೊಳಗೆ, ಗ್ರೀಕ್ ಪುರಾಣದ ಸ್ವರ್ಗದ ಹೆಸರಿಟ್ಟ ಎಲಿಸಿಯನ್ ಫೀಲ್ಡ್ಸ್ ಪಕ್ಕದಲ್ಲೇ, ಮರಗಳ ಮರೆಯಲ್ಲಿ ಸೇಂಟ್ ಮೇರಿ ಚರ್ಚ್ ಇದೆ; ಅದರ ಸುತ್ತಲಿದ್ದ ಊರು ಇಲ್ಲವಾಗಿ ಚರ್ಚ್ ಮಾತ್ರ ಉಳಿದಿದೆ. ನ್ಯೂನಮ್ ಕೋರ್ಟ್‌ನಿಯಲ್ಲಿ ಅರ್ಲ್ ಹಾರ್ಕೋರ್ಟ್ 1760ರ ದಶಕದಲ್ಲಿ ಹಳ್ಳಿಯನ್ನೇ ಹೆದ್ದಾರಿಯ ಬದಿಗೆ ಸ್ಥಳಾಂತರಿಸಿದರು. ಆಲಿವರ್ ಗೋಲ್ಡ್‌ಸ್ಮಿತ್ ಅವರ 1770ರ 'ದಿ ಡೆಸರ್ಟೆಡ್ ವಿಲೇಜ್' ಕಾವ್ಯವನ್ನು ಈ ಘಟನೆಯೊಂದಿಗೆ ಜೋಡಿಸುವುದು ವಾಡಿಕೆ. ಡಾರ್ಸೆಟ್‌ನ ಮಿಲ್ಟನ್ ಅಬ್ಬಾಸ್‌ನಲ್ಲಿ ಲಾರ್ಡ್ ಮಿಲ್ಟನ್ ತಮ್ಮ ಮನೆಯ ನೋಟಕ್ಕೆ ಅಡ್ಡವಾಗಿದ್ದ ಒಂದು ಪಟ್ಟಣವನ್ನೇ ಕೆಡವಿ, ನಿವಾಸಿಗಳಿಗೆ ಕಣ್ಣಿಗೆ ಬೀಳದ ಕಣಿವೆಯಲ್ಲಿ ಏಕರೂಪದ ಮನೆಗಳ ಬೀದಿಯನ್ನು ಕಟ್ಟಿಸಿದರು. ಇದೇ ಕಾಲದಲ್ಲಿ, ನಮ್ಮ ಗೋಮಾಳಗಳಂತೆ ಊರಿನವರೆಲ್ಲರ ದನಕರುಗಳಿಗೆ ಮೇವು ಒದಗಿಸುತ್ತಿದ್ದ ಸಾಮುದಾಯಿಕ ಜಮೀನುಗಳು ಪಾರ್ಲಿಮೆಂಟಿನ ಬೇಲಿ ಕಾಯಿದೆಗಳ ಮೂಲಕ ಖಾಸಗಿ ಸ್ವತ್ತಾಗುತ್ತಿದ್ದವು. ಹಾ-ಹಾ ಕಂದಕ ಬೇಲಿಯನ್ನು ಅದೃಶ್ಯಗೊಳಿಸಿದ ಶತಮಾನವೇ ಇಂಗ್ಲೆಂಡಿನ ಗ್ರಾಮಗಳಲ್ಲಿ ಅತಿ ಹೆಚ್ಚು ಬೇಲಿಗಳು ಎದ್ದ ಶತಮಾನಗಳಲ್ಲಿ ಒಂದಾಗಿತ್ತು.

ಈ ಉದ್ಯಾನಗಳನ್ನು ಕಟ್ಟಿದ ಸಂಪತ್ತಿನ ಬೇರುಗಳು ಇಂಗ್ಲೆಂಡಿನ ಆಚೆಗೂ ಚಾಚಿದ್ದವು. ಯಾರ್ಕ್‌ಶೈರಿನ ಹೇರ್‌ವುಡ್ ಎಸ್ಟೇಟಿನ ಹಿಂದೆ ವೆಸ್ಟ್ ಇಂಡೀಸಿನ ಗುಲಾಮರ ದುಡಿಮೆಯಿತ್ತು. ಬಂಗಾಳದಿಂದ ಅಪಾರ ಸಂಪತ್ತಿನೊಂದಿಗೆ ಮರಳಿದ ರಾಬರ್ಟ್ ಕ್ಲೈವ್ 1769ರಲ್ಲಿ ಕ್ಲೇರ್ಮಾಂಟ್ ಎಸ್ಟೇಟನ್ನು ಕೊಂಡು, ಹಳೆಯ ಮನೆಯನ್ನು ಕೆಡವಿಸಿ, ಹೊಸದನ್ನು ಕಟ್ಟುವ ಹೊಣೆಯನ್ನು ಬ್ರೌನ್ ಅವರಿಗೆ ವಹಿಸಿದರು. ಮರುವರ್ಷವೇ ಬಂಗಾಳ ಭೀಕರ ಕ್ಷಾಮಕ್ಕೆ ತುತ್ತಾಯಿತು. ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಹಣ ಗಳಿಸಿದ ಚಾರ್ಲ್ಸ್ ಕಾಕರೆಲ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಗ್ಲಾಸ್ಟರ್‌ಶೈರಿನ ಸೆಜಿನ್‌ಕೋಟ್‌ನಲ್ಲಿ ಗುಮ್ಮಟದ ಮನೆ ಕಟ್ಟಿಸಿದಾಗ, ಭಾರತದಲ್ಲಿ ವರ್ಷಗಟ್ಟಲೆ ಸಂಚರಿಸಿ ಚಿತ್ರ ಬರೆದಿದ್ದ ಥಾಮಸ್ ಡೇನಿಯಲ್ ಅದರ ಉದ್ಯಾನಕ್ಕೆ ಸೂರ್ಯನ ಗುಡಿಯನ್ನೂ ನಂದಿ ವಿಗ್ರಹಗಳಿರುವ ಸೇತುವೆಯನ್ನೂ ಒದಗಿಸಿದರು. ಭಾರತೀಯ ಸಂದರ್ಶಕರಿಗೆ ಆ ನಂದಿಗಳು ಹತ್ತಿರದವೆನಿಸುವುದು ಸಹಜ. ಪೂಜೆ ಮತ್ತು ಹರಕೆಯ ಸಂದರ್ಭದಿಂದ ಬಿಡಿಸಲ್ಪಟ್ಟ ಮೂರ್ತಿ ಇಲ್ಲಿ ನೋಟದ ಅಲಂಕಾರವಾಗಿದೆಯೆಂಬುದೂ, ಗ್ರೀಕ್-ರೋಮನ್ ದೇವತೆಗಳಿಗೂ ಈ ಪರಂಪರೆ ಅದನ್ನೇ ಮಾಡಿತ್ತೆಂಬುದೂ ಅಷ್ಟೇ ನಿಜ.

ಮರೆಮಾಡಿದ ಇನ್ನೊಂದು ಸಂಗತಿ ದುಡಿಮೆ. 1786ರ ಪ್ರವಾಸದಲ್ಲಿ ಜೆಫರ್ಸನ್ ಸ್ಟೋದ ವಿಹಾರಸ್ಥಳವನ್ನು 15 ಗಂಡಸರೂ 18 ಹುಡುಗರೂ ನೋಡಿಕೊಳ್ಳುತ್ತಿದ್ದಾರೆಂದೂ ಬ್ಲೆನಿಮ್‌ಗೆ 200 ಜನ ಬೇಕಾಗಿದ್ದಾರೆಂದೂ ಟಿಪ್ಪಣಿ ಮಾಡಿಕೊಂಡರು. ಸ್ವತಃ ಗುಲಾಮರ ದುಡಿಮೆಯಿಂದ ತಮ್ಮ ತೋಟವನ್ನು ನಡೆಸುತ್ತಿದ್ದ ಅವರು ಲೆಕ್ಕ ಹಾಕಿದ್ದು ವೆಚ್ಚವನ್ನೇ ಆದರೂ, 'ಸಹಜ'ವೆನಿಸುವ ಹುಲ್ಲಿನ ಹಿಂದೆ ಕುಡುಗೋಲು ಹಿಡಿದ ಕೈಗಳಿದ್ದವೆಂಬುದಕ್ಕೆ ಆ ಟಿಪ್ಪಣಿ ಗಟ್ಟಿ ಸಾಕ್ಷ್ಯ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ತಲೆಯೆತ್ತಿದ ಹೂದೋಟದ ಶಾಖೆಯ ಮಹತ್ವ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ. ವಿಲಿಯಂ ರಾಬಿನ್ಸನ್ 1870ರ 'ದಿ ವೈಲ್ಡ್ ಗಾರ್ಡನ್' ಗ್ರಂಥದಲ್ಲಿ ಗಟ್ಟಿಮುಟ್ಟಾದ ಗಿಡಗಳು ತಮ್ಮಷ್ಟಕ್ಕೆ ಬೆಳೆಯುವಂತೆ ನೆಡುವ ವಿಧಾನವನ್ನು ಪ್ರತಿಪಾದಿಸಿದರು. ಚಿತ್ರಕಲೆಯಲ್ಲಿ ತರಬೇತಿ ಪಡೆದಿದ್ದ ಗರ್ಟ್ರೂಡ್ ಜೆಕಿಲ್, ವರ್ಷವರ್ಷವೂ ಬುಡದಿಂದ ಚಿಗುರುವ ಹೂಗಿಡಗಳ ಉದ್ದನೆಯ ಪಾತಿಯನ್ನು, ಅಂದರೆ 'ಬಾರ್ಡರ್' ಅನ್ನು, ನಡಿಗೆಗೆ ತಕ್ಕಂತೆ ಸಂಯೋಜಿಸಿದರು: ಮನ್‌ಸ್ಟೆಡ್ ವುಡ್‌ನ ಅವರ ಪಾತಿ ಒಂದು ತುದಿಯ ಬೂದು, ನೀಲಿ, ತೆಳುಹಳದಿಗಳಿಂದ ಆರಂಭವಾಗಿ ನಡುವೆ ಕಿತ್ತಳೆ, ಕಡುಗೆಂಪಿಗೆ ಏರಿ, ಮತ್ತೆ ತಣ್ಣನೆಯ ಬಣ್ಣಗಳಿಗೆ ಇಳಿಯುತ್ತಿತ್ತು. ಕೆಂಟ್ ಗುಡಿಗಳಿಂದ ಮಾಡಿದ್ದನ್ನು ಜೆಕಿಲ್ ಹೂವುಗಳಿಂದ ಮಾಡಿದರೆಂದರೆ ತಪ್ಪಾಗದು. ಸಾಮರ್ಸೆಟ್‌ನ ಹೆಸ್ಟರ್‌ಕೂಮ್‌ನಲ್ಲಿ ಕೋಪಲ್‌ಸ್ಟೋನ್ ಬ್ಯಾಂಪ್‌ಫೀಲ್ಡ್ ಅವರ ಹದಿನೆಂಟನೆಯ ಶತಮಾನದ ಕಣಿವೆಯೂ, ಜೆಕಿಲ್ ಮತ್ತು ವಾಸ್ತುಶಿಲ್ಪಿ ಎಡ್ವಿನ್ ಲಟ್ಯೆನ್ಸ್ ಸೇರಿ 1904ರಿಂದ ನಿರ್ಮಿಸಿದ ಕಲ್ಲಿನ ಜಗಲಿಗಳೂ ಅಕ್ಕಪಕ್ಕದಲ್ಲೇ ಇರುವುದರಿಂದ ಎರಡು ಶಾಖೆಗಳ ಹೋಲಿಕೆಗೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಲಾರೆನ್ಸ್ ಜಾನ್‌ಸ್ಟನ್ ಅವರ ಹಿಡ್‌ಕೋಟ್‌ನಲ್ಲಿಯೂ, ವೀಟಾ ಸ್ಯಾಕ್‌ವಿಲ್-ವೆಸ್ಟ್ ಮತ್ತು ಹೆರಾಲ್ಡ್ ನಿಕೋಲ್ಸನ್ 1930ರಲ್ಲಿ ಕೊಂಡ ಸಿಸಿಂಗ್‌ಹರ್ಸ್ಟ್‌ನಲ್ಲಿಯೂ ಎತ್ತರದ ಪೊದೆಗೋಡೆಗಳು ಉದ್ಯಾನವನ್ನು ಕೋಣೆಗಳಾಗಿ ವಿಭಜಿಸುತ್ತವೆ. ಇಲ್ಲಿ ದುಡಿಮೆಯನ್ನು ಮುಚ್ಚಿಡುವುದು ಆಗದ ಮಾತು. ಕತ್ತರಿಸಿದ ಪೊದೆ, ಬಾಗಿಸಿ ಕಟ್ಟಿದ ಗುಲಾಬಿ, ಕಳೆ ತೆಗೆದ ಮಣ್ಣು ತಾವೇ ಮಾತನಾಡುತ್ತವೆ. 1959ರಿಂದ ದಶಕಗಳ ಕಾಲ ಸಿಸಿಂಗ್‌ಹರ್ಸ್ಟ್ ನೋಡಿಕೊಂಡ ಪಮೆಲಾ ಶ್ವೆರ್ಟ್ ಮತ್ತು ಸಿಬಿಲ್ ಕ್ರಾಯ್ಟ್ಸ್‌ಬರ್ಗರ್ ಅವರ ಹೆಸರುಗಳು ಒಡೆಯರ ಹೆಸರಿನೊಂದಿಗೇ ಚರಿತ್ರೆಯಲ್ಲಿ ದಾಖಲಾಗಿವೆ. ಒಂದು ಕುಟುಂಬಕ್ಕೂ ಅವರ ಗೆಳೆಯರಿಗೂ ಸಾಕಾಗುವಂತೆ ಅಳೆದ ಈ ಕೋಣೆಗಳ ದಾರಿಗಳು ಜನಸಂದಣಿಯನ್ನು ತಾಳಲಾರವು, ಆದುದರಿಂದ ಸಣ್ಣ ಗುಂಪು ಇಲ್ಲಿ ಕೃತಿಯ ಅಳತೆಗೇ ಸೇರಿದ ಅಗತ್ಯ.

ಸಂರಕ್ಷಣೆಯ ಕಾಲದಲ್ಲಿ ಈ ಪರಂಪರೆ ಮತ್ತೊಂದು ಅಪಾಯವನ್ನು ಎದುರಿಸುತ್ತಿದೆ. 1895ರಲ್ಲಿ ಸ್ಥಾಪಿತವಾದ ನ್ಯಾಷನಲ್ ಟ್ರಸ್ಟ್, 1946ರಲ್ಲಿ ಸ್ಟೌರ್‌ಹೆಡ್ಡನ್ನೂ 1948ರಲ್ಲಿ ಹಿಡ್‌ಕೋಟನ್ನೂ ವಹಿಸಿಕೊಳ್ಳದಿದ್ದರೆ ಅವು ಸಾರ್ವಜನಿಕರಿಗೆ ಈ ಮಟ್ಟಿಗೆ ದಕ್ಕುತ್ತಿರಲಿಲ್ಲ. ಆದರೆ ಬೆಳೆಯುವುದೂ ಸಾಯುವುದೂ ಗುಣವಾಗಿರುವ ಗಿಡಮರಗಳನ್ನು ಒಂದು ನಿಶ್ಚಿತ ವರ್ಷದ ರೂಪದಲ್ಲಿ ನಿಲ್ಲಿಸಲು ಹೊರಟರೆ ಉದ್ಯಾನ ವಸ್ತುಸಂಗ್ರಹಾಲಯವಾಗುತ್ತದೆ. ಸಸೆಕ್ಸ್‌ನ ಗ್ರೇಟ್ ಡಿಕ್ಸ್‌ಟರ್‌ನಲ್ಲಿ ಕ್ರಿಸ್ಟೋಫರ್ ಲಾಯ್ಡ್ 1990ರ ದಶಕದಲ್ಲಿ ಹಳೆಯ ಗುಲಾಬಿತೋಟವನ್ನು ಕಿತ್ತು ಉಷ್ಣವಲಯದ ದೊಡ್ಡೆಲೆಯ ಗಿಡಗಳನ್ನು ನೆಟ್ಟದ್ದು ಹಲವರನ್ನು ಕೆರಳಿಸಿತಾದರೂ, ಪರಂಪರೆಯೆಂದರೆ ಮುಂದುವರಿಯುವ ಅಭ್ಯಾಸ ಎಂಬ ನಿಲುವನ್ನು ಅದು ಸಮರ್ಥವಾಗಿ ಮಂಡಿಸಿತು.

ಒಟ್ಟಾರೆಯಾಗಿ ನೋಡಿದರೆ, ನಿಸರ್ಗವನ್ನು ಅನುಕರಿಸಿದೆನೆಂಬ ಇಂಗ್ಲಿಷ್ ಉದ್ಯಾನ ಪರಂಪರೆಯ ಹೇಳಿಕೆಯನ್ನು ಒಪ್ಪಲಾಗದು. ಅದು ನಿಸರ್ಗದ ಹೆಸರಿನಲ್ಲಿ ಒಡೆತನವನ್ನು ಸುಂದರವಾಗಿಸಿತು. ಹಾಗೆಂದು ರೌಶಮ್ ಮತ್ತು ಸ್ಟೌರ್‌ಹೆಡ್‌ಗಳ ಸಾಧನೆಯನ್ನು ಆ ತಪ್ಪಿಗೆ ಅಡವಿಡಬೇಕಾಗಿಲ್ಲ, ಏಕೆಂದರೆ ಹೆಜ್ಜೆಗೂ ಅರ್ಥಕ್ಕೂ ಇರುವ ಸಂಬಂಧವನ್ನು ಅಷ್ಟು ಸೂಕ್ಷ್ಮವಾಗಿ ಶೋಧಿಸಿದ ಕೃತಿಗಳು ಲೋಕದಲ್ಲಿ ವಿರಳ. ಈ ಎರಡು ತೀರ್ಮಾನಗಳನ್ನೂ ಒಟ್ಟಿಗೆ ಹಿಡಿಯುವುದು ಪುಸ್ತಕಕ್ಕಿಂತ ಪ್ರವಾಸದಲ್ಲೇ ಹೆಚ್ಚು ಸಾಧ್ಯ, ಪ್ರವಾಸ ಸರಿಯಾದ ರೀತಿಯಲ್ಲಿ ನಡೆದರೆ. ಉದ್ಯಾನವನ್ನು ಅದರ ಕರ್ತೃ ಉದ್ದೇಶಿಸಿದ ಕ್ರಮದಲ್ಲಿ ನಡೆಸುವುದು ಮಾರ್ಗದರ್ಶಕರ ಮೊದಲ ಕರ್ತವ್ಯವಾದರೆ, ಅವನು ನಿಲ್ಲಬಾರದೆಂದು ಬಯಸಿದ ಕಡೆಗಳಲ್ಲಿ, ಮರಗಳ ಹಿಂದಿನ ಚರ್ಚಿನ ಮುಂದೆ, ಕಂದಕದ ಗೋಡೆಯ ಬುಡದಲ್ಲಿ, ತೋಟಗಾರರ ಸಲಕರಣೆಗಳ ಕೊಟ್ಟಿಗೆಯ ಬಾಗಿಲಲ್ಲಿ ಗುಂಪನ್ನು ನಿಲ್ಲಿಸಿ ಇಲ್ಲವಾದ ಊರಿನ ಕಥೆ ಹೇಳುವುದು ಎರಡನೆಯ ಕರ್ತವ್ಯ. ಮೊದಲನೆಯದನ್ನು ಮಾತ್ರ ಮಾಡುವ ಪ್ರವಾಸ ಒಡೆಯರ ಆತಿಥ್ಯದ ಮುಂದುವರಿಕೆಯಾಗುತ್ತದೆ, ಎರಡನೆಯದನ್ನು ಮಾತ್ರ ಮಾಡುವುದು ಕಲೆಯನ್ನೇ ಕಾಣದೆ ಹಿಂದಿರುಗುತ್ತದೆ. ಎರಡನ್ನೂ ಮಾಡಿದಾಗಲೇ ಈ ಪರಂಪರೆಗೆ ನ್ಯಾಯ ಸಲ್ಲುತ್ತದೆ.