ಡಿಪ್ಪರ್: ನಿಂತ ನೀರಿನ ತಪಾಸಣೆಗೊಂದು ಬಿಳಿ ಸೌಟು

ಸೊಳ್ಳೆಯ ಮರಿಹುಳುಗಳನ್ನು, ಅಂದರೆ ಲಾರ್ವಾಗಳನ್ನು, ನೀರಿನಿಂದ ಮೊಗೆದು ಎಣಿಸಲು ಬಳಸುವ ಡಿಪ್ಪರ್ ಉದ್ದ ಹಿಡಿಯ ಬಿಳಿ ಬಟ್ಟಲಷ್ಟೇ ಆಗಿದ್ದರೂ, ಸೇನಾ ತರಬೇತಿ ನೆಲೆಗಳ ಆರೋಗ್ಯರಕ್ಷಣೆಯಲ್ಲಿ ಅದರ ಸ್ಥಾನ ದೊಡ್ಡದು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1949ರಲ್ಲಿ ಆರಂಭವಾದ ವಾಯುಪಡೆಯ ತಾಂತ್ರಿಕ ಕಾಲೇಜಿನಂತಹ ಸಂಸ್ಥೆಗಳಲ್ಲಿ ದೇಶದ ಮೂಲೆಮೂಲೆಗಳಿಂದ ಬಂದ ತರುಣರು ಒಂದೆಡೆ ವಾಸಿಸುವುದರಿಂದ, ಒಬ್ಬರ ರಕ್ತದಲ್ಲಿ ಬಂದ ಮಲೇರಿಯಾ ರೋಗಾಣುವನ್ನು ಸ್ಥಳೀಯ ಸೊಳ್ಳೆ ಹಲವರಿಗೆ ಹಂಚುವ ಸಾಧ್ಯತೆ ಇದ್ದೇ ಇರುತ್ತದೆ. ಬೆಂಗಳೂರಿನ ದಂಡುಪ್ರದೇಶದಲ್ಲಿ 1880ರ ದಶಕದಲ್ಲಿ ಸೇನಾ ವೈದ್ಯರಾಗಿದ್ದ ರೊನಾಲ್ಡ್ ರಾಸ್, ಬಂಗಲೆಯ ಕಿಟಕಿಯ ಬಳಿಯ ಪೀಪಾಯಿಯ ನೀರನ್ನು ಚೆಲ್ಲಿದಾಗ ಸೊಳ್ಳೆಗಳು ಕಡಿಮೆಯಾದುದನ್ನು ಗಮನಿಸಿದ್ದರು. ಸೊಳ್ಳೆಯ ಜಠರದಲ್ಲಿ ಆ ರೋಗಾಣುವನ್ನು ಅವರು ಕಂಡದ್ದು ಮಾತ್ರ 1897ರಲ್ಲಿ, ಸಿಕಂದರಾಬಾದಿನಲ್ಲಿ.

ಬಟ್ಟಲಿನ ಬಿಳುಪಿನಲ್ಲೇ ಅದರ ಜಾಣ್ಮೆಯಿದೆ. ಮಲೇರಿಯಾ ಹರಡುವ ಅನಾಫಿಲಿಸ್‌ನ ಲಾರ್ವಾಕ್ಕೆ ಉಸಿರಾಟದ ಕೊಳವೆ ಇಲ್ಲದ ಕಾರಣ ಅದು ನೀರಿನ ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುವುದೂ, ಕ್ಯೂಲೆಕ್ಸ್ ಹಾಗೂ ಡೆಂಗಿ ಹರಡುವ ಈಡಿಸ್‌ನ ಲಾರ್ವಾಗಳು ಕೊಳವೆಯನ್ನು ಮೇಲಕ್ಕೆ ಚಾಚಿ ತಲೆಕೆಳಗಾಗಿ ತೂಗುವುದೂ ಆ ಹಿನ್ನೆಲೆಯಲ್ಲಿ ಬರಿಗಣ್ಣಿಗೇ ಕಾಣುತ್ತವೆ. ಆದರೆ ಮೊಗೆಯುವ ಕೈ ಪಳಗಿರಬೇಕು: ನೆರಳು ಬಿದ್ದರೆ ಅಥವಾ ನೀರು ಅಲುಗಿದರೆ ಹುಳುಗಳು ತಳಕ್ಕಿಳಿದು ಎಣಿಕೆಯೇ ಸುಳ್ಳಾಗುತ್ತದೆ. ಒಂದು ಮೊಗೆತಕ್ಕೆ ಸಿಗುವ ಸರಾಸರಿ ಲಾರ್ವಾಗಳ ಸಂಖ್ಯೆಯನ್ನು ಸಾಂದ್ರತೆಯ ಅಳತೆಯಾಗಿ ವಾರವಾರವೂ ಬರೆದಿಟ್ಟರೆ, ಯಾವ ಚರಂಡಿಗೆ, ಯಾವ ತೊಟ್ಟಿಗೆ ಔಷಧ ಬೇಕೆಂಬುದು ಊಹೆಗೆ ಉಳಿಯುವುದಿಲ್ಲ. ಹಳೆಯ ಟೈರು, ಹೂಕುಂಡದ ತಟ್ಟೆಗಳೊಳಗೆ ಮಾತ್ರ ಈ ಸೌಟು ಹೋಗದು. ಈಡಿಸ್‌ಗೆ ಪ್ರಿಯವಾದ ಅಂತಹ ಎಡೆಗಳಲ್ಲಿ ಪಿಪೆಟ್ಟನ್ನೇ ಹಿಡಿಯಬೇಕಾಗುತ್ತದೆ.