ಕರೆಂಟು ಬಂದ ಮೇಲಿನ ನಾಲ್ಕು ನಿಮಿಷ

ಮೇ ತಿಂಗಳ ಸಂಜೆ ಗಾಳಿ ಎದ್ದು ನಮ್ಮೂರು ತೆಂಗಳಿಯಲ್ಲಿ ಲೈಟು ಹೋಯಿತೆಂದರೆ ಅವ್ವ ಅಡುಗೆಮನೆಯಿಂದ ಕೂಗಿ ಕೇಳುವುದು ಒಂದೇ ಮಾತು: “ಲೈಟ್ ಹೋಗ್ಯಾದ ನೋಡಪ, ನಿನ್ನ ಡಬ್ಬಿ ಏನ್ ಮಾಡ್ಲತ್ತದ?” ಡಬ್ಬಿ ಎಂದರೆ ನಡುಮನೆಯ ಮೂಲೆಯಲ್ಲಿ ಶಹಾಬಾದ ಕಲ್ಲಿನ ತುಂಡೊಂದರ ಮೇಲೆ ಕೂತಿರುವ ನನ್ನ ಸರ್ವರ್. ಅವ್ವ ಕೇಳುವುದೇ ಸರಿಯಾದ ಪ್ರಶ್ನೆ. ಈ ಹವ್ಯಾಸದವರು ಒಬ್ಬರಿಗೊಬ್ಬರು ಸಿಕ್ಕರೆ ಎಷ್ಟು ಕೋರ್, ಎಷ್ಟು ರ‍್ಯಾಮ್ ಎಂದು ಮಾತು ತೆಗೆಯುತ್ತಾರೆ. ನಾನು ವಾಡಿಗೆ ಹೋಗಲಿ, ಸೇಡಂಗೆ ಹೋಗಲಿ, ಗೆಳೆಯರ ಮನೆಯ ಸರ್ವರ್ ನೋಡಿದಾಗ ಮೊದಲು ಕೇಳುವುದು ಬೇರೆ: ಕರೆಂಟು ಹೋದಾಗ ಇದು ಹೇಗೆ ಮಲಗುತ್ತದೆ? ಬಂದಾಗ ಯಾರೂ ಮುಟ್ಟದೆ ತಾನೇ ಏಳುತ್ತದೆಯೇ?

ಒಂದೇ ಯಂತ್ರದೊಳಗೆ ಹಲವು ಯಂತ್ರಗಳನ್ನು ಬಾಳಿಸುವ ವಿದ್ಯೆ ಹಳೆಯದು. ಐಬಿಎಂ ತನ್ನ ವಿಎಂ/370 ಹೊರತಂದದ್ದು 1972ರಲ್ಲಿ. ಅದು ದೊಡ್ಡ ದೊಡ್ಡ ಕಂಪನಿಗಳ ಸೊತ್ತಾಗಿತ್ತು. ನಮ್ಮಂಥವರ ಮನೆಗೆ ಅದು ಇಳಿದು ಬಂದದ್ದು 2005–06ರಲ್ಲಿ ಇಂಟೆಲ್, ಎಎಂಡಿ ಚಿಪ್ಪುಗಳೊಳಗೇ ಇದಕ್ಕೆ ಬೇಕಾದ ಸವಲತ್ತು ಸೇರಿದ ಮೇಲೆ, 2007ರ ಫೆಬ್ರವರಿಯಲ್ಲಿ ಇದೇ ವಿದ್ಯೆಯ ತಂತ್ರಾಂಶವಾದ ಕೆವಿಎಂ ಲಿನಕ್ಸ್ ಕರ್ನೆಲಿನ ಭಾಗವಾದ ಮೇಲೆ. ಆ ಕೆವಿಎಂ ಮೇಲೆ ಕಟ್ಟಿದ ಪ್ರಾಕ್ಸ್‌ಮಾಕ್ಸ್ 2008ರಲ್ಲಿ ವಿಯೆನ್ನಾದಿಂದ ಬಂತು. ನಾನು ಬಳಸುವುದು ಅದನ್ನೇ. ಮೊದಲು ವಿಎಂವೇರ್‌ನ ಉಚಿತ ಆವೃತ್ತಿ ಹಾಕಿಕೊಂಡಿದ್ದ ಗೆಳೆಯರೂ 2024ರ ಫೆಬ್ರವರಿಯಲ್ಲಿ ಅದು ನಿಂತಾಗ ಇತ್ತ ಬಂದರು. ಮರುವರ್ಷ ಅದನ್ನು ಮತ್ತೆ ಬಿಟ್ಟರೂ ಯಾರೂ ಹಿಂದಿರುಗಲಿಲ್ಲ.

ಯಂತ್ರದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಕಚೇರಿಗಳು ಮಾರಿಬಿಡುವ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಹಳೆಯ ಡೆಸ್ಕ್‌ಟಾಪ್ ಸಾಕು. ನನ್ನದರಲ್ಲಿ ಆರು ಕೋರಿನ, 35 ವ್ಯಾಟಿನ ಪ್ರೊಸೆಸರ್, 32 ಜಿಬಿ ರ‍್ಯಾಮ್, ಒಂದರ ನಕಲನ್ನು ಇನ್ನೊಂದು ಹಿಡಿಯುವ ಎರಡು ಎಸ್‌ಎಸ್‌ಡಿ ಇವೆ. ಹಗಲೂ ರಾತ್ರಿ ಸರಾಸರಿ 15 ವ್ಯಾಟ್ ತಿಂದರೆ ತಿಂಗಳಿಗೆ ಹನ್ನೊಂದು ಯೂನಿಟ್ ಒಳಗೆ. ದೊಡ್ಡ ಕಂಪನಿಗಳಿಂದ ಹೊರಬಿದ್ದ ರ‍್ಯಾಕ್ ಸರ್ವರ್ ಅಗ್ಗಕ್ಕೆ ಸಿಗುತ್ತದೆಂದು ತಂದವರ ಮನೆಯಲ್ಲಿ ಅದು 120 ವ್ಯಾಟ್ ಎಳೆದು ತಿಂಗಳಿಗೆ 86 ಯೂನಿಟ್ ಸುಡುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ನಮ್ಮ ಕಲಬುರಗಿಯಲ್ಲೇ 2023ರ ಆಗಸ್ಟ್ 5ರಂದು ಶುರುವಾದದ್ದು. ಅದು ಶುರುವಾಗುವ ಮೊದಲಿನ ವರ್ಷದ ಸರಾಸರಿಯ ಮೇಲೆ ಸ್ವಲ್ಪ ಹೆಚ್ಚಿಗೆಯಷ್ಟೇ ಅದರಲ್ಲಿ ಬಿಟ್ಟಿ. ಹನ್ನೊಂದು ಯೂನಿಟ್ಟನ್ನು ಫ್ಯಾನು, ಬಲ್ಬುಗಳಲ್ಲಿ ಉಳಿಸಿ ಸರಿದೂಗಿಸಬಹುದು, 86 ಯೂನಿಟ್ಟನ್ನು ಆಗದು.

ಬಿಸಿಲಿನದು ಇನ್ನೊಂದು ಪಾಠ. ಮೊದಲ ವರ್ಷ ಸರ್ವರನ್ನು ಮೇಲಿನ ತಗಡಿನ ಕೋಣೆಯಲ್ಲಿ ಇಟ್ಟಿದ್ದೆ. ಹೊರಗೆ 43 ಡಿಗ್ರಿ ಇದ್ದ ಮಧ್ಯಾಹ್ನ ಪ್ರೊಸೆಸರ್ 95 ದಾಟಿತು. ನೂರರ ಹತ್ತಿರ ಹೋದರೆ ಇಂಟೆಲ್ ಚಿಪ್ಪು ತನ್ನ ವೇಗವನ್ನು ತಾನೇ ಇಳಿಸಿಕೊಂಡು ಜೀವ ಉಳಿಸಿಕೊಳ್ಳುತ್ತದೆ, ನಿಜ. ಆದರೆ ಅಷ್ಟು ಬಿಸಿ ಡಿಸ್ಕುಗಳಿಗೂ ಒಳ್ಳೆಯದಲ್ಲ. ಮರುದಿನವೇ ನಡುಮನೆಗೆ ಇಳಿಸಿದೆ. ಅಜ್ಜ ಕಟ್ಟಿಸಿದ ಎರಡು ಮೊಳದ ಕಲ್ಲಿನ ಗ್ವಾಡಿ, ಮೇಲೆ ಮಣ್ಣಿನ ಮಾಳಿಗೆ. ಅಲ್ಲಿ ಅದೇ ಕೆಲಸಕ್ಕೆ 70ರ ಆಸುಪಾಸು. ಗೋಡೆಯ ಗೂಡಿನೊಳಗೆ ಮಾತ್ರ ಇಡಬಾರದು, ಬಿಸಿಗಾಳಿ ಅಲ್ಲೇ ತಿರುಗುತ್ತಿರುತ್ತದೆ. ಧೂಳಿನ ಕಾಲ ಬೇರೆ. ತೊಗರಿ ರಾಶಿ ಮುಗಿದ ಮೇಲೆ ಒಮ್ಮೆ, ಮುಂಗಾರಿಗೆ ಮೊದಲು ಒಮ್ಮೆ ಮುಚ್ಚಳ ತೆಗೆದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು, ಮೆತ್ತಗಿನ ಬ್ರಷ್ಷು ಆಡಿಸಿ ಬ್ಲೋವರ್ ಹೊಡೆಯುತ್ತೇನೆ. ಸಿಮೆಂಟಿನ ಊರುಗಳಲ್ಲಿರುವ ಗೆಳೆಯರಿಗೆ ಇದು ತಿಂಗಳ ಕೆಲಸ, ಅವರು ಒದ್ದೆ ಬಟ್ಟೆ ಮುಟ್ಟಿಸಲೇಬಾರದು.

ಈಗ ಕರೆಂಟಿನ ಮಾತು. ನಮ್ಮ ಭಾಗದ ಬಹಳ ಮನೆಗಳಲ್ಲಿ ಇನ್ವರ್ಟರ್ ಇದೆ, ಅದರ ಹಿಂದೆ ‘ನಾರ್ಮಲ್’, ‘ಯುಪಿಎಸ್’ ಎಂಬ ಸಣ್ಣ ಸ್ವಿಚ್ಚೂ ಇದೆ. ಅದನ್ನು ತಿರುಗಿಸಿ ನೋಡಿದವರು ಕಡಿಮೆ. ನಾರ್ಮಲ್‌ನಲ್ಲಿ ಕರೆಂಟು ಹೋದಾಗ ಬ್ಯಾಟರಿಗೆ ದಾಟಲು 30–40 ಮಿಲಿಸೆಕೆಂಡು ಹಿಡಿಯಬಹುದು. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡು, ಅಷ್ಟರಲ್ಲಿ ಅದು ಸತ್ತಿರುತ್ತದೆ. ಹಾಗಂತ ಯುಪಿಎಸ್‌ಗೆ ತಿರುಗಿಸಿದರೆ ನಮ್ಮ ಇನ್ವರ್ಟರ್ 180 ವೋಲ್ಟಿಗಿಂತ ಕೆಳಗೆ ಒಪ್ಪುವುದಿಲ್ಲ. ಸಂಜೆ ವೋಲ್ಟೇಜು 170ಕ್ಕೆ ಇಳಿಯುವ ದಿನಗಳಲ್ಲಿ, ಲೈಟು ಇದ್ದೂ ಬ್ಯಾಟರಿ ಖಾಲಿಯಾಗುತ್ತದೆ.

ಎರಡು ಬೇಸಿಗೆ ಒದ್ದಾಡಿ ಕಂಡುಕೊಂಡ ದಾರಿ ಇದು. ಸೈನ್‌ವೇವ್ ಇನ್ವರ್ಟರನ್ನು ನಾರ್ಮಲ್‌ನಲ್ಲೇ ಬಿಟ್ಟು, ಅದರ ಬೆನ್ನಿಗೆ ಯುಎಸ್‌ಬಿ ತಂತಿ ಇರುವ ಒಂದು ಸಣ್ಣ ಯುಪಿಎಸ್ ಕೂಡಿಸಿದೆ. ಆ ನಡುವಿನ ಗಳಿಗೆಯನ್ನು ಯುಪಿಎಸ್ ದಾಟಿಸುತ್ತದೆ, ಗಂಟೆಗಳನ್ನು ಇನ್ವರ್ಟರ್ ಹೊರುತ್ತದೆ. ಯುಪಿಎಸ್ ಎರಡು ನಿಮಿಷ ಬಿಡದೆ ಬ್ಯಾಟರಿಯಲ್ಲೇ ಇದ್ದರೆ ಇನ್ವರ್ಟರ್ ಕೈಬಿಟ್ಟಿದೆ ಎಂದೇ ಅರ್ಥ. ಆಗ ಎನ್‌ಯುಟಿ ಎಂಬ ಪುಟ್ಟ ತಂತ್ರಾಂಶ ಪ್ರಾಕ್ಸ್‌ಮಾಕ್ಸಿಗೆ ಮಲಗು ಎಂದು ಹೇಳುತ್ತದೆ.

ಮಲಗಿಸುವುದು ಸುಲಭ, ಏಳಿಸುವುದರಲ್ಲಿದೆ ಕಸುಬು. ಬಯಾಸಿನಲ್ಲಿ ಕರೆಂಟು ಬಂದಾಗ ಏನು ಮಾಡಬೇಕೆಂಬ ಆಯ್ಕೆ ಇರುತ್ತದೆ. ‘ಹಿಂದಿನ ಸ್ಥಿತಿ’ ಎಂದು ಇಟ್ಟಿದ್ದೆ. ಚಿಂಚೋಳಿಯ ಕಡೆ ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದರೆ ಸರ್ವರ್ ಮಲಗಿಯೇ ಇದೆ. ಅದು ಕ್ರಮವಾಗಿ ಮಲಗಿತ್ತಲ್ಲ, ಹಿಂದಿನ ಸ್ಥಿತಿ ಎಂದರೆ ಆಫ್. ಅಲ್ಲಿ ‘ಯಾವಾಗಲೂ ಆನ್’ ಎಂದೇ ಇರಬೇಕು. ಅಷ್ಟೂ ಸಾಲದು. ಸರ್ವರ್ ಮಲಗಿದ ಮರುಗಳಿಗೆಯಲ್ಲೇ ಕರೆಂಟು ಬಂದರೆ? ಯುಪಿಎಸ್ ನಡುವೆ ಒಮ್ಮೆಯೂ ನಿಂತಿಲ್ಲ, ಆದ್ದರಿಂದ ಕರೆಂಟು ಹೋಗಿ ಬಂತೆಂದು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಅದಕ್ಕೇ ಎನ್‌ಯುಟಿ ಕೊನೆಯಲ್ಲಿ ಯುಪಿಎಸ್‌ಗೆ ಒಂದು ಮಾತು ಹೇಳಿ ಹೋಗುವಂತೆ ಮಾಡಬೇಕು: 20 ಸೆಕೆಂಡು ಬಿಟ್ಟು ನಿನ್ನ ಔಟ್‌ಪುಟ್ ಕಡಿ, ಕರೆಂಟು ಇದ್ದರೆ ಸ್ವಲ್ಪ ತಡೆದು ಮತ್ತೆ ಕೊಡು. ಇದೊಂದು ಕೂಡಿಬಂದ ದಿನ ನನಗಾದ ಸಮಾಧಾನ ಹೊಸ ಯಂತ್ರ ಕೊಂಡ ದಿನವೂ ಆಗಿರಲಿಲ್ಲ.

ಹೋಸ್ಟ್, ಅಂದರೆ ಹೊರಗಿನ ಯಂತ್ರ, ಎದ್ದ ಮೇಲೆ ಒಳಗಿನವರು ಎಲ್ಲರೂ ಒಟ್ಟಿಗೆ ಮುಗಿಬೀಳಬಾರದು. ಮೊದಲು ಮನೆಯ ಡಿಎನ್ಎಸ್ ಕಂಟೇನರ್. ಅದು ನೆಲೆಗೊಳ್ಳಲು ಮೂವತ್ತು ಸೆಕೆಂಡು. ಆಮೇಲೆ ಫೋಟೊ, ಕಾಗದಪತ್ರಗಳ ವಿಎಂ (ವರ್ಚುವಲ್ ಯಂತ್ರ), ಕಡೆಗೆ ಇಂಟರ್ನೆಟ್ ಇಲ್ಲದಾಗಲೂ ಕನ್ನಡ ವಿಕಿಪೀಡಿಯ ಓದಿಸುವ ಕಿವಿಕ್ಸ್. ಹೋಸ್ಟಿನ ಮೇಲೆ ನೇರವಾಗಿ ಬೇರೇನನ್ನೂ ಹಾಕಕೂಡದು. ಮನೆಯ ಯಜಮಾನನ ಹಾಗೆ ಅದು ಎಲ್ಲರಿಗೂ ಬಡಿಸಿ ತಾನು ಹಗುರಾಗಿರಬೇಕು. ಅದಕ್ಕೆಂದೇ ನಾಲ್ಕು ಜಿಬಿ ರ‍್ಯಾಮ್ ಮೀಸಲು, ಎರಡು ಎಸ್‌ಎಸ್‌ಡಿಗಳನ್ನು ನೋಡಿಕೊಳ್ಳುವ ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯ ಕ್ಯಾಶ್‌ಗೆ ಇನ್ನು ನಾಲ್ಕರ ಮಿತಿ. ಇರುವ ರ‍್ಯಾಮ್‌ಗಿಂತ ಹೆಚ್ಚನ್ನು ಹಂಚಿ ನಡೆಸುವ ಜಾಣತನ ನನಗೆ ಸೇರುವುದಿಲ್ಲ. ಪ್ರತಿ ತಿಂಗಳ ಎರಡನೇ ಭಾನುವಾರ ಝಡ್‌ಎಫ್‌ಎಸ್ ತಾನೇ ಎರಡೂ ಡಿಸ್ಕುಗಳನ್ನು ಓದಿ ತಾಳೆ ನೋಡುತ್ತದೆ. ಸೋಮವಾರ ಬೆಳಿಗ್ಗೆ ಆ ವರದಿ ಓದದೆ ನಾನು ಚಹಾ ಕುಡಿಯುವುದಿಲ್ಲ.

ಇಷ್ಟೆಲ್ಲ ಯಾಕೆ ಎಂದರೆ, ನಾಲ್ಕನೆಯ ಒಂದು ವಿಎಂ ತೋರಿಸುತ್ತೇನೆ. ಅದು ತಾನಾಗಿ ಏಳುವುದಿಲ್ಲ, ಬೇಕೆಂದಾಗಲೇ ಎಬ್ಬಿಸಬೇಕು. ಒಳಗಿರುವುದು ವಿಂಡೋಸ್ ಎಕ್ಸ್‌ಪಿ ಮತ್ತು ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ. ಅಪ್ಪ ಮಾಸ್ತರರಾಗಿದ್ದಾಗ ಮಕ್ಕಳನ್ನು ಮಳಖೇಡದ ಕೋಟೆಗೆ, ಕಾಗಿಣಾ ದಂಡೆಗೆ ಕರೆದೊಯ್ದು, ಬಂದು ಬರೆದಿಟ್ಟ ಟಿಪ್ಪಣಿಗಳೆಲ್ಲ ಆ ಕಾಲದ ನುಡಿಯಲ್ಲಿವೆ. ಯೂನಿಕೋಡ್ ಅಲ್ಲದ ಆ ಫಾಂಟಿನ ಕಡತವನ್ನು ಈಗಿನ ಲ್ಯಾಪ್‌ಟಾಪಿನಲ್ಲಿ ಹಾಗೇ ತೆರೆದರೆ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು. ಪರಿವರ್ತಕಗಳಿವೆ, ಬಳಸಿಯೂ ಇದ್ದೇನೆ. ಆದರೆ ಅರ್ಕಾವೊತ್ತು, ಅಂಕಿ, ಕೋಷ್ಟಕ ಇರುವಲ್ಲಿ ಮೂಲವನ್ನು ಪಕ್ಕದಲ್ಲಿಟ್ಟು ನೋಡಲೇಬೇಕು. ಎಕ್ಸ್‌ಪಿಗೆ ಭದ್ರತಾ ಅಪ್‌ಡೇಟ್ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಅದಕ್ಕೇ ಆ ವಿಎಂಗೆ ನೆಟ್‌ವರ್ಕ್ ಕಾರ್ಡನ್ನೇ ಕೊಟ್ಟಿಲ್ಲ. ಕಡತಗಳು ಒಳಹೋಗುವುದೂ ಹೊರಬರುವುದೂ ಐಎಸ್‌ಒ, ಪೆನ್‌ಡ್ರೈವ್ ಮೂಲಕವೇ.

ಈ ವಿಎಂನ ಬ್ಯಾಕಪ್ ಎರಡು ಕಡೆ. ಸ್ನ್ಯಾಪ್‌ಶಾಟ್ ಇದೆಯಲ್ಲ ಎಂದು ನೆಮ್ಮದಿಯಾಗಿ ಇರುವವರಿಗೆ ಹೇಳಬೇಕು: ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕಿನಲ್ಲಿ, ಡಿಸ್ಕು ಹೋದರೆ ಅದೂ ಹೋಯಿತು. ಒಂದು ಪ್ರತಿ ಮನೆಯಲ್ಲೇ ಬೇರೆ ಡಿಸ್ಕಿನಲ್ಲಿ, ಇನ್ನೊಂದು ಶಹಾಬಾದಿನಲ್ಲಿರುವ ತಂಗಿಯ ಮನೆಯ ಟ್ರೆಜರಿಯಲ್ಲಿ. ಪಂಚಮಿಗೆ, ದೀಪಾವಳಿಗೆ ತಂಗಿ ಬರುವಾಗ ಡಿಸ್ಕ್ ಬದಲಾಗುತ್ತದೆ. ವರ್ಷಕ್ಕೆ ಎರಡು ಸಲ ಅದರಿಂದ ಎಕ್ಸ್‌ಪಿಯನ್ನು ಬೇರೆ ಹೆಸರಿನಲ್ಲಿ ಮರಳಿ ಎಬ್ಬಿಸಿ ಕಡತ ತೆರೆದು ನೋಡುತ್ತೇನೆ.

ಮೊನ್ನೆ ರಾತ್ರಿ ಗುಡುಗು ಮಳೆಗೆ ಹೋದ ಲೈಟು ಬೆಳಗಿನ ಜಾವ ನಾಲ್ಕೂವರೆಗೆ ಬಂತು. ಇನ್ವರ್ಟರ್ ಮೂರಕ್ಕೇ ಸುಸ್ತಾಗಿತ್ತು. ನಾನು ಏಳಲಿಲ್ಲ, ಕತ್ತಲಲ್ಲಿ ಕಿವಿಗೊಟ್ಟು ಮಲಗಿದ್ದೆ. ಯುಪಿಎಸ್ ಒಮ್ಮೆ ಕಿರ್ರೆಂದಿತು. ಅರ್ಧ ನಿಮಿಷಕ್ಕೆ ಸಣ್ಣ ಫ್ಯಾನು ಜೋರಾಗಿ ತಿರುಗಿ ಮೆತ್ತಗಾಯಿತು. ನಾಲ್ಕನೆಯ ನಿಮಿಷಕ್ಕೆ ಎಲ್ಲವೂ ಎದ್ದಿದೆ ಎಂಬ ಸಂದೇಶ ಫೋನಿಗೆ ಬಂತು. ಪಡಸಾಲಿಯಲ್ಲಿ ಅಪ್ಪ ಆಗಲೇ ಎಚ್ಚರಾಗಿ ಕೂತಿದ್ದರು. “ಬಂತೇನ? ಆ ಮಳಖೇಡದ್ದು ತೆಗಿ, ಕೋಟೆ ಬಾಗಿಲ ಬಗ್ಗೆ ಒಂದ್ ಮಾತು ತಿದ್ದೋದದ” ಎಂದರು. ಎದ್ದು ಹೋಗಿ ಎಕ್ಸ್‌ಪಿಯನ್ನು ಎಬ್ಬಿಸಿದೆ.